ಎಡಗೈ ಹೋಲ್‌ಸ್ಟರ್‌ಗೆ ಹಚ್ಚಿದ ಹರಳೆಣ್ಣೆ

ಎಳೆದೆ, ಬರಲಿಲ್ಲ. ಇನ್ನೊಮ್ಮೆ ಎಳೆದೆ. ಹೋಲ್‌ಸ್ಟರ್ ಮೇಲೆ ಬಂತು, ಅದರ ಜೊತೆಗೆ ಬೆಲ್ಟು ಬಂತು, ಬೆಲ್ಟಿನ ಜೊತೆಗೆ ನನ್ನ ಪ್ಯಾಂಟೂ ಮೇಲೆ ಬಂತು. ಪಿಸ್ತೂಲು ಮಾತ್ರ ಇದ್ದಲ್ಲೇ ಇತ್ತು. ಚಾಮರಾಜನಗರದ ಸಶಸ್ತ್ರ ಪಡೆಯ ಮೈದಾನದಲ್ಲಿ ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಎದುರಿಗೆ ನಿಂತಿದ್ದ ತರಬೇತಿ ಅಧಿಕಾರಿ, ಅವರನ್ನು ನಾವೆಲ್ಲ ಮೇಷ್ಟ್ರು ಎಂದೇ ಕರೆಯುವುದು, ನಗಲಿಲ್ಲ. ನಕ್ಕಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಮೇಡಂ, ಇದನ್ನ ಪಿಸ್ತೂಲ್ ಇಡಕ್ ಮಾಡ್ಸಿದ್ರೋ, ಹೂತಾಕಕ್ ಮಾಡ್ಸಿದ್ರೋ?" ಎಂದರು.

ಪಿಸ್ತೂಲಿನಲ್ಲಿ ಗುಂಡು ಇರಲಿಲ್ಲ, ಅಭ್ಯಾಸವಷ್ಟೇ. ಆದರೆ ಪರೀಕ್ಷೆಯ ದಿನ ಗೊತ್ತಾಗಿಬಿಟ್ಟಿತ್ತು. ಅದರ ಮೇಲೆ ನನ್ನ ಮುಂದಿನ ನೌಕರಿಯೆಲ್ಲ ನಿಂತಿತ್ತು.

ನಾನು ಗುಂಡ್ಲುಪೇಟೆ ಕಡೆಯ ಒಂದು ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿದ್ದೆ. ಕೇರಳದ ರಸ್ತೆಯ ಚೆಕ್‌ಪೋಸ್ಟಿನಲ್ಲಿ ಒಂದು ಗೂಡ್ಸ್ ಗಾಡಿ ನಿಲ್ಲದೆ ಬ್ಯಾರಿಕೇಡನ್ನು ತಳ್ಳಿಕೊಂಡು ನುಗ್ಗಿದಾಗ ನನ್ನ ಬಲಗೈ ಮಣಿಕಟ್ಟು ಬ್ಯಾರಿಕೇಡಿಗೂ ಕಲ್ಲುಕಂಬಕ್ಕೂ ನಡುವೆ ಸಿಕ್ಕಿತು. ಮೈಸೂರಿನಲ್ಲಿ ಆಪರೇಷನ್ ಆಯಿತು, ಸ್ಟೀಲ್ ಪ್ಲೇಟು ಕೂತಿತು, ಬೆರಳುಗಳು ಒಂದೊಂದಾಗಿ ಮರಳಿ ಬಂದವು. ಹೆಬ್ಬೆರಳು ಬರಲಿಲ್ಲ. ಚಮಚ ಹಿಡಿಯಬಲ್ಲೆ, ಸಹಿ ಹಾಕಬಲ್ಲೆ, ಆದರೆ ಪಿಸ್ತೂಲಿನ ಹಿಡಿಯನ್ನು ಬಿಗಿಯಲಾರೆ. ರಜೆ ಮುಗಿದ ಮೇಲೆ ನನ್ನನ್ನು ಚಾಮರಾಜನಗರದ ಕಂಟ್ರೋಲ್ ರೂಮಿಗೆ ಹಾಕಿದರು. ಮೇಲಧಿಕಾರಿಗಳು ನೇರವಾಗಿಯೇ ಹೇಳಿದರು: ಎಡಗೈಯಲ್ಲಿ ಗುಂಡು ಹಾರಿಸುವ ಪರೀಕ್ಷೆ ಪಾಸು ಮಾಡಿದರೆ ನಿಮ್ಮ ಠಾಣೆಗೆ ವಾಪಸು ಹೋಗಿ, ಇಲ್ಲದಿದ್ದರೆ ಇಲ್ಲೇ ಇರಿ. ಎರಡನೇ ಅವಕಾಶದ ಮಾತೇ ಇರಲಿಲ್ಲ.

ಕಂಟ್ರೋಲ್ ರೂಮ್ ಕೆಟ್ಟ ಜಾಗವೇನಲ್ಲ. ಫ್ಯಾನಿದೆ, ಕುರ್ಚಿಯಿದೆ, ಹೊತ್ತಿಗೆ ಸರಿಯಾಗಿ ಚಹಾ ಬರುತ್ತದೆ. ಆದರೆ ವೈರ್‌ಲೆಸ್ಸಿನಲ್ಲಿ ನನ್ನದೇ ಠಾಣೆಯ ಜೀಪಿನವರು "ಸ್ಥಳಕ್ಕೆ ಹೋಗ್ತಾ ಇದ್ದೀವಿ" ಎಂದಾಗ "ಸರಿ" ಎಂದು ಹೇಳಿ ಸುಮ್ಮನೆ ಕೂರಬೇಕಿತ್ತು. ಆ "ಸರಿ" ಹೇಳುವಾಗೆಲ್ಲ ನನಗೆ ಅಳು ಬರುತ್ತಿತ್ತು. ಮೂವತ್ತು ದಾಟಿ ಇನ್ನೂ ಸ್ವಲ್ಪವೇ ಆಗಿದ್ದ ನಾನು ನಿವೃತ್ತಿಯವರೆಗೂ ಆ ಕುರ್ಚಿಯಲ್ಲಿ ಕೂತು "ಸರಿ" ಎನ್ನುವುದನ್ನು ನೆನೆಸಿಕೊಂಡರೆ ಊಟ ಸೇರುತ್ತಿರಲಿಲ್ಲ.

ಎಡಗೈಯಲ್ಲಿ ಗುರಿ ಹಿಡಿಯುವುದನ್ನು ಹೇಗೋ ಕಲಿತೆ. ಯಾರೂ ಯೋಚಿಸದೇ ಇದ್ದದ್ದು ಹೋಲ್‌ಸ್ಟರ್ ಬಗ್ಗೆ. ಇಲಾಖೆಯ ಸ್ಟೋರಿನಲ್ಲಿ ಇದ್ದದ್ದೆಲ್ಲ ಬಲಗೈಯವು. ಅವನ್ನು ಎಡ ಸೊಂಟಕ್ಕೆ ಕಟ್ಟಿದರೆ ಪಿಸ್ತೂಲಿನ ಹಿಡಿ ಮುಂದಕ್ಕೆ ತಿರುಗುತ್ತದೆ, ಮೇಲಿನ ಪಟ್ಟಿಯ ಟಿಚ್ ಬಟನ್ ಹೆಬ್ಬೆರಳಿಗೆ ಸಿಕ್ಕುವುದೇ ಇಲ್ಲ. ಹೊಸದನ್ನೇ ಹೊಲಿಸಬೇಕಾಯಿತು.

ಚಾಮರಾಜನಗರದ ಪೇಟೆಯಲ್ಲಿ ಚರ್ಮದ ಕೆಲಸ ಮಾಡುವ ಒಬ್ಬರಿದ್ದಾರೆ. ಪೊಲೀಸರ ಬೆಲ್ಟು, ನಾಯಿಯ ಕೊರಳಪಟ್ಟಿ, ಎತ್ತಿನ ಗೆಜ್ಜೆಪಟ್ಟಿ, ಎಲ್ಲ ಅವರದೇ ಕೈಯಲ್ಲಿ ಆಗುತ್ತದೆ. ನಮಗೆ ಅವರು ಬೆಲ್ಟಿನವರು. ಪಿಸ್ತೂಲನ್ನು ಅಂಗಡಿಗೆ ಒಯ್ಯುವಂತಿಲ್ಲವಾದ್ದರಿಂದ ಮೇಷ್ಟ್ರ ಹತ್ತಿರವಿದ್ದ ತರಬೇತಿಯ ಮರದ ಪಿಸ್ತೂಲನ್ನು ಕೇಳಿ ತೆಗೆದುಕೊಂಡು ಹೋದೆ. ಅವರು ದಪ್ಪ ಚರ್ಮವನ್ನು ನೀರಿನಲ್ಲಿ ಹದವಾಗಿ ನೆನೆಸಿ, ಕತ್ತರಿಸಿ, ಹೊಲಿದು, ಮರದ ಪಿಸ್ತೂಲನ್ನು ಒಳಗೆ ತುರುಕಿ, ನುಣುಪಾದ ಕೊಂಬಿನ ತುಂಡಿನಿಂದ ಸುತ್ತಲೂ ಒತ್ತಿ ಒತ್ತಿ ಅಚ್ಚು ಕೂರಿಸಿದರು. ನೆರಳಲ್ಲೇ ಒಣಗಬೇಕು, ಬಿಸಿಲು ತಾಕಬಾರದು ಎಂದರು. ತರಲು ಹೋದಾಗ ನೋಡಿದರೆ ಟಿಚ್ ಬಟನ್ ಬಲಗೈಯ ಕಡೆಗೇ ಇದೆ!

"ಅಯ್ಯೋ ಮೇಡಮ್ಮೋರೆ, ನಾನು ಎಡ ಎಡ ಅಂತ್ಲೇ ಯೋಳ್ಕಂಡ್ ಕುಂತಿದ್ದೆ. ಕೈ ಅದ್ರ ಪಾಡಿಗೆ ಬಲಕ್ಕೇ ಒಲ್ದ್‌ಬುಟ್ಟದೆ" ಎಂದು ತಲೆ ಕೆರೆದುಕೊಂಡರು. ನನ್ನ ಕೈಯೂ ಅದನ್ನೇ ಮಾಡುತ್ತಿದ್ದುದರಿಂದ ಬೈಯಲು ಬಾಯಿ ಬರಲಿಲ್ಲ. ಬಿಚ್ಚಿ ಮತ್ತೆ ಹೊಲಿದುಕೊಟ್ಟರು.

ಅಷ್ಟಾದರೂ ಮೈದಾನದಲ್ಲಿ ಪಿಸ್ತೂಲು ಕಚ್ಚಿಕೊಂಡಿತು. ಕಾರಣ ಸರಳವಾಗಿತ್ತು, ಆದರೆ ಯಾರ ತಲೆಗೂ ಹೊಳೆದಿರಲಿಲ್ಲ. ಆ ಮರದ ಪಿಸ್ತೂಲು ಅದೆಷ್ಟೋ ತಂಡಗಳ ಕೈಯಲ್ಲಿ ತಿರುಗಿ ಸವೆದುಹೋಗಿತ್ತು. ಅದರ ಅಳತೆಗೆ ಕೂತ ಚರ್ಮದೊಳಗೆ ನಿಜವಾದ ಪಿಸ್ತೂಲು ಹೋಗುವುದೇ ಹೆಚ್ಚು, ಬರುವ ಮಾತೆಲ್ಲಿ?

"ಈಗ ನೀವು ಇದನ್ನ ಪಳಗಿಸ್ಬೇಕು ಮೇಡಂ. ಪಿಸ್ತೂಲ್‌ಗೆ ಪ್ಲಾಸ್ಟಿಕ್ ಸುತ್ತಿ ಒಳಗಿಡಿ, ತೆಗೀರಿ, ಇನ್ನೊಂದ್ ಸುತ್ತು ಸುತ್ತಿ ಮತ್ತೆ ಇಡಿ. ಚರ್ಮ ತಾನಾಗೇ ದಾರಿಗ್ ಬತ್ತದೆ. ಆತುರ ಬೀಳ್ಬೇಡಿ" ಎಂದರು ಮೇಷ್ಟ್ರು.

ಆತುರ ಬೀಳಬೇಡಿ ಎನ್ನುವವರಿಗೆ ಪರೀಕ್ಷೆ ಇರುವುದಿಲ್ಲ.

ಸಂಜೆ ಪಿಸ್ತೂಲು ಆಯುಧಾಗಾರಕ್ಕೆ ಹೋಗಿಬಿಡುತ್ತಿತ್ತು. ಹಾಗಾಗಿ ಮರದ ಪಿಸ್ತೂಲನ್ನೇ ಗುಂಡ್ಲುಪೇಟೆಯ ಕ್ವಾರ್ಟರ್ಸಿಗೆ ಒಯ್ದೆ. ಅವ್ವ ಹಾಲಿನ ಕವರುಗಳನ್ನು ತೊಳೆದು ಹಗ್ಗದ ಮೇಲೆ ಒಣಹಾಕಿ ರದ್ದಿಯವನಿಗೆಂದು ಕೂಡಿಡುತ್ತಿದ್ದಳು. ಅವನ್ನು ಕದ್ದು ಮರದ ಪಿಸ್ತೂಲಿಗೆ ಪದರ ಪದರವಾಗಿ ಸುತ್ತಿ, ನಿಜವಾದದ್ದರಷ್ಟೇ ದಪ್ಪ ಮಾಡಿದೆ. ಹೋಲ್‌ಸ್ಟರಿನ ಒಳಗೆ ಒದ್ದೆ ಬಟ್ಟೆಯಲ್ಲಿ ಸ್ವಲ್ಪವೇ ತೇವ ಮಾಡಿ, ಅದನ್ನು ಒತ್ತಿ ಕೂರಿಸಿ, ಬೆಳಗಿನವರೆಗೆ ಹಾಗೇ ಬಿಟ್ಟೆ. ಮರುದಿನ ಇನ್ನೊಂದು ಪದರ. ಸಮಯ ಸಿಕ್ಕಾಗೆಲ್ಲ ಎಳೆಯುವುದು, ಇಡುವುದು, ಎಳೆಯುವುದು, ಇಡುವುದು. ಎಡ ಹೆಬ್ಬೆರಳಿನಿಂದ ಟಿಚ್ ಬಟನ್ ಬಿಚ್ಚಬೇಕು, ಅದೇ ಚಲನೆಯಲ್ಲಿ ಹಿಡಿ ಸಿಕ್ಕಬೇಕು, ನೇರ ಮೇಲಕ್ಕೆ ಬರಬೇಕು. ವಾಪಸು ಇಡುವಾಗ ಕೆಳಗೆ ನೋಡುವಂತಿಲ್ಲ, ಇನ್ನೊಂದು ಕೈ ತಾಕಿಸುವಂತಿಲ್ಲ.

ಕ್ರಮೇಣ ಸಡಿಲವಾಯಿತು. ಆದರೆ ಹೊಸ ಚರ್ಮದ ಅಂಚು ನನ್ನ ಬೆರಳ ಗೆಣ್ಣುಗಳನ್ನು ಕೆತ್ತಿಹಾಕಿತು. ಹೆಬ್ಬೆರಳಿನ ಬುಡದಲ್ಲಿ ಸಿಪ್ಪೆ ಎದ್ದು ರಕ್ತ ಬಂತು. ಇದ್ದದ್ದೇ ಒಂದು ಕೈ, ಅದಕ್ಕೂ ಬ್ಯಾಂಡೇಜು. ಬೆಳಿಗ್ಗೆ ಅವ್ವನೇ ನನ್ನ ಖಾಕಿ ಅಂಗಿಯ ಗುಂಡಿ ಹಾಕಬೇಕು, ಜಡೆ ಹೆಣೆಯಬೇಕು. ಗುಂಡಿ ಹಾಕುತ್ತಾ ಒಂದು ದಿನ ತೋಳಿನ ಅಂಚಿಗೆ ಮೆತ್ತಿದ್ದ ರಕ್ತ ನೋಡಿದಳು.

"ಯಾಕಮ್ಮಿ ಇಂಗ್ ಒದ್ದಾಡೀಯೆ? ಆಪೀಸ್ನಲ್ಲೇ ಕುಂತ್ಕಂಡ್ರೆ ಸಂಬ್ಳ ಕೊಡಕಿಲ್ವಾ ಅವ್ರು?"

"ಕೊಡ್ತಾರೆ ಕಣವ್ವ."

"ಮತ್ತೆ?"

ಚೆಕ್‌ಪೋಸ್ಟಿನಿಂದ ಫೋನು ಬಂದ ದಿನ ಉಡಿಗಾಲದ ತವರಿನಲ್ಲಿದ್ದ ಅವಳು ಉಟ್ಟ ಸೀರೆಯಲ್ಲೇ ಮೈಸೂರಿಗೆ ಓಡಿಬಂದವಳು, ಮತ್ತೆ ತನ್ನ ಊರಿಗೆ ಹೋಗಿರಲಿಲ್ಲ. ಅವಳ ಹತ್ತಿರ ಈ ವಿಷಯ ವಾದ ಮಾಡಿ ಗೆಲ್ಲುವಂತಿರಲಿಲ್ಲ.

ಪರೀಕ್ಷೆಗೆ ಕೆಲವೇ ದಿನ ಉಳಿದಿತ್ತು. ಕೈಗೆ ವಿಶ್ರಾಂತಿ ಕೊಡೋಣವೆಂದು ಅಂದು ಹೋಲ್‌ಸ್ಟರನ್ನು ಮನೆಯಲ್ಲೇ ಬಿಟ್ಟು ಡ್ಯೂಟಿಗೆ ಹೋದೆ. ಸಂಜೆ ಬಸ್ಸಿನಲ್ಲಿ ಚೆಂಡುಹೂವಿನ ಮೂಟೆಗಳ ನಡುವೆ ನಿಂತು ಬಂದು ಗೇಟು ತೆಗೆದರೆ ಹರಳೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಕಾಂಪೌಂಡಿನ ಮೇಲೆ, ಇಳಿಬಿಸಿಲಿಗೆ ಮೈಯೊಡ್ಡಿಕೊಂಡು ನನ್ನ ಹೋಲ್‌ಸ್ಟರ್ ಮಲಗಿತ್ತು. ತಿಳಿ ಕಂದು ಬಣ್ಣ ಹೋಗಿ ಕಪ್ಪಾಗಿತ್ತು. ಕೆಳಗೆ ಕಲ್ಲಿನ ಮೇಲೆ ಎಣ್ಣೆಯ ಕಲೆ.

ನಮ್ಮ ಕಡೆ ಹೊಸ ಚಪ್ಪಲಿ ಕಚ್ಚಿದರೆ ಮಾಡುವುದೇ ಇದು. ಹರಳೆಣ್ಣೆ ಬಿಸಿ ಮಾಡಿ ಹಚ್ಚಿ ಬಿಸಿಲಿಗಿಟ್ಟರೆ ಎಂಥ ಒರಟು ಚರ್ಮವೂ ಬೆಣ್ಣೆಯಾಗುತ್ತದೆ. ಅಪ್ಪನ ಹೊಲದ ಮೆಟ್ಟಿಗೂ ಅವ್ವ ಹೀಗೇ ಮಾಡುತ್ತಿದ್ದಳು. ಚಪ್ಪಲಿಗೆ ಮೆತ್ತಗಾಗುವುದೇ ಬೇಕು. ಹೋಲ್‌ಸ್ಟರ್‌ಗೆ ಮೆತ್ತಗಾಗುವುದೆಂದರೆ ಸಾವು.

ಓಡಿಹೋಗಿ ಮರದ ಪಿಸ್ತೂಲನ್ನು ಒಳಗಿಟ್ಟು ತಲೆಕೆಳಗು ಮಾಡಿದೆ. ಪಟ್ಟಿ ಜಾರಿತು, ಪಿಸ್ತೂಲು ಪಟಕ್ಕನೆ ನೆಲಕ್ಕೆ ಬಿತ್ತು. ಖಾಲಿ ಹೋಲ್‌ಸ್ಟರಿನ ಬಾಯಿ ಹಲ್ಲಿಲ್ಲದ ಮುದುಕಿಯ ಬಾಯಿಯ ಹಾಗೆ ಒಳಕ್ಕೆ ಮಡಚಿಕೊಂಡಿತು. ಬಾಯಿ ಮುಚ್ಚಿಕೊಂಡರೆ ನೋಡದೆ, ಒಂದೇ ಕೈಯಲ್ಲಿ ಪಿಸ್ತೂಲು ವಾಪಸು ಇಡಲು ಸಾಧ್ಯವೇ ಇಲ್ಲ.

"ಅವ್ವಾ!" ಎಂದು ಕಿರುಚಿದೆ. ಅಕ್ಕಪಕ್ಕದ ಕ್ವಾರ್ಟರ್ಸಿನವರು ಹೊರಬಂದು ನೋಡುವಷ್ಟು ಜೋರಾಗಿ.

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. "ಮೆತ್ತಗಾಯ್ತಾ ಮೊಗ?" ಎಂದಳು, ನಗುಮುಖದಲ್ಲೇ.

ಆಗ ನಾನು ಆಡಬಾರದ ಮಾತು ಆಡಿದೆ. "ಬೇಕೂಂತಲೇ ಮಾಡಿದೆ ಅಲ್ವಾ? ನಾನು ಫೇಲಾಗಿ ಕುರ್ಚೀಲಿ ಕೂತರೆ ನಿನಗೆ ನೆಮ್ಮದಿ. ಹೇಳು, ಅದಕ್ಕೇ ತಾನೆ ಮಾಡಿದ್ದು?"

ಅವ್ವನ ಮುಖದಿಂದ ನಗು ಇಳಿದುಹೋಯಿತು. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಒಳಗೆ ಹೋಗಿ ಅಡುಗೆಮನೆಯಲ್ಲಿ ಕೂತಳು. ಆ ಮೌನ ನನ್ನ ಅನುಮಾನವನ್ನು ಇನ್ನಷ್ಟು ಗಟ್ಟಿ ಮಾಡಿತು.

ಮರುದಿನ ಬೆಲ್ಟಿನವರು ಹೋಲ್‌ಸ್ಟರನ್ನು ಮೂಸಿ ನೋಡಿ, ಹಿಂಡಿ ನೋಡಿ, ನನ್ನ ಮುಖ ನೋಡಿದರು. "ಹೊಸ್ದು ಮಾಡ್ಕೊಡಿ" ಎಂದೆ.

"ಇಂಥ ದಪ್ಪದ್ ಚರ್ಮ ಈರೋಡಿಂದ ಬರ್ಬೇಕು ಮೇಡಮ್ಮೋರೆ. ಬಂದು, ಕುಯ್ದು, ಒಣ್ಗೋ ಒತ್ಗೆ ನಿಮ್ ಪರೀಕ್ಸೆ ಮುಗ್ದೋಗಿರ್ತದೆ."

"ಇದನ್ನೇ ಸರಿ ಮಾಡಕ್ಕಾಗಲ್ವಾ?"

"ನಂಗೂ ಗೊತ್ತಿಲ್ಲ. ಎಣ್ಣೆ ಕುಡ್ದಿದ್ ಚರ್ಮ ನಾನ್ ಯಾವತ್ತೂ ವಾಪಸ್ ತಂದಿಲ್ಲ. ಯಾವ್ದಾರ ಹಿಟ್ಟೋ ಬೂದಿಯೋ ಮುಚ್ಚಿಡಿ, ಈರ್ಕಂಡಷ್ಟು ಈರ್ಕತದೆ. ಆದ್ರೂ ಬಾಯಿ ನಿಲ್ಲಕಿಲ್ಲ ಬುಡಿ."

ಮೇಷ್ಟ್ರಿಗೆ ಫೋನು ಮಾಡಿ ದಿನ ಮುಂದೂಡಲು ಸಾಧ್ಯವೇ ಎಂದು ಕೇಳಿದೆ. ದಿನ ಗೊತ್ತು ಮಾಡಿದ್ದು ತಾನಲ್ಲ, ಇನ್ನು ಕೇಳಿದರೆ ನೆಪ ಹುಡುಕುತ್ತಿದ್ದೀರಿ ಎಂದುಕೊಳ್ಳುತ್ತಾರೆ ಎಂದರು. ಅವರ ಮಾತು ನಿಜವಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ತೆರಕಣಾಂಬಿಯವರೆಗೂ ಕಿಟಕಿಗೆ ಮುಖ ಮಾಡಿ ಅತ್ತೆ. ಯೂನಿಫಾರ್ಮಿನಲ್ಲಿ ಅಳುವವಳ ಪಕ್ಕ ಯಾರೂ ಕೂರುವುದಿಲ್ಲ ಎಂದು ಅಂದು ಗೊತ್ತಾಯಿತು.

ಮನೆಗೆ ಬಂದು ಒಲೆಬೂದಿ ಹುಡುಕಿದೆ. ಗ್ಯಾಸ್ ಒಲೆಯ ಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು? ಮುಖದ ಪೌಡರಿನ ಡಬ್ಬಿ ಖಾಲಿ ಮಾಡಿದೆ, ಅದು ಒಂದು ಮೂಲೆಗೂ ಸಾಲಲಿಲ್ಲ. ಬಾಗಿಲ ಬಳಿ ನಿಂತು ನೋಡುತ್ತಿದ್ದ ಅವ್ವ ಹಿಂದಿನ ಸಂಜೆಯ ನಂತರದ ಮೊದಲ ಮಾತು ಆಡಿದಳು. "ಏನಾಗ್ಬೇಕು ಅದ್ಕೆ?"

"ಎಣ್ಣೆ ಹೀರಬೇಕು. ಹಿಟ್ಟು ಬೇಕು."

ಅವಳು ಒಳಗೆ ಹೋದಳು. ಅವ್ವ ಹೊಸಿಲೊಳಗೆ ಚಪ್ಪಲಿ ಬಿಟ್ಟುಕೊಂಡವಳಲ್ಲ. ನನ್ನ ಬೆಲ್ಟು, ಬೂಟು ಎಲ್ಲ ವರಾಂಡದಲ್ಲೇ ಇರಬೇಕು. ಬೆಳಿಗ್ಗೆ ಲಿಂಗಪೂಜೆ ಆಗುವ ಮೊದಲು ಅವನ್ನು ನಾನು ಮುಟ್ಟಿದರೂ ಕೈ ತೊಳೆದು ಬಾ ಎನ್ನುತ್ತಿದ್ದಳು. ಅನ್ನದ ಅಗುಳು ಕಾಲಿಗೆ ತಾಕಿದರೆ ಕಣ್ಣಿಗೊತ್ತಿಕೊಳ್ಳುವವಳು. ಆ ಅವ್ವ ರಾಗಿಹಿಟ್ಟಿನ ಡಬ್ಬವನ್ನೇ ಎತ್ತಿಕೊಂಡು ಬಂದು, ದೊಡ್ಡ ಬೋಗುಣಿಯಲ್ಲಿ ಅರ್ಧ ಸುರಿದು, ಹೋಲ್‌ಸ್ಟರನ್ನು ತನ್ನ ಕೈಯಾರೆ ಅದರಲ್ಲಿ ಮಲಗಿಸಿ, ಉಳಿದ ಹಿಟ್ಟನ್ನು ಅದರ ಮೇಲೆ ಸುರಿದಳು. ಬಾಯೊಳಗೂ ಬೆರಳಿನಿಂದ ತುಂಬಿದಳು. ತುಂಬುವಾಗ ಅವಳ ತುಟಿ ಅಲ್ಲಾಡುತ್ತಿತ್ತು. ಕ್ಷಮೆ ಕೇಳುತ್ತಿದ್ದದ್ದು ಅನ್ನದ ಹತ್ತಿರವೋ ದೇವರ ಹತ್ತಿರವೋ, ನಾನು ಕೇಳಲಿಲ್ಲ. ಅವಳ ಮೇಲಿನ ಸಿಟ್ಟು ಅಲ್ಲೇ ಅರ್ಧ ಇಳಿಯಿತು.

ಹಿಟ್ಟು ಎಣ್ಣೆ ಕುಡಿದು ಗಂಟುಗಂಟಾಯಿತು. ಅದನ್ನು ಬದಲಿಸಿ ಮತ್ತೆ ಹೂತೆವು. ಮೈ ಸ್ವಲ್ಪ ಗಟ್ಟಿಯಾಯಿತು, ಜಿಡ್ಡು ಬಹಳಷ್ಟು ಹೋಯಿತು. ಆದರೆ ಬೆಲ್ಟಿನವರು ಹೇಳಿದಂತೆ ಬಾಯಿ ನಿಲ್ಲಲಿಲ್ಲ. ಪಿಸ್ತೂಲು ತೆಗೆದ ತಕ್ಷಣ ಮಡಚಿಕೊಳ್ಳುತ್ತಿತ್ತು. ಬಾಯಿಗೆ ಸುತ್ತಲೂ ಗಟ್ಟಿ ಚರ್ಮದ ಪಟ್ಟಿಯೊಂದನ್ನು ಹೊಲಿದರೆ ನಿಲ್ಲಬಹುದಿತ್ತು. ಅಂಥ ಚರ್ಮ ಎಲ್ಲಿದೆ?

ಇತ್ತು. ನನ್ನ ಕೋಣೆಯ ಬಾಗಿಲ ಹಿಂದೆ, ಅವ್ವನ ಕಣ್ಣು ತಪ್ಪಿಸಿ ಮೊಳೆಗೆ ನೇತುಹಾಕಿದ್ದೆ.

ಅದು ನನ್ನ ಹಳೆಯ ಬಲಗೈ ಹೋಲ್‌ಸ್ಟರ್. ಮೊದಲ ಪೋಸ್ಟಿಂಗಿನಲ್ಲಿ, ಸ್ಟೋರಿನದು ಒಗ್ಗದೆ, ಇಷ್ಟಪಟ್ಟು ಹೊಲಿಸಿಕೊಂಡದ್ದು. ವರ್ಷಗಳ ಕಾಲ ಒಣಗಿ, ಗಟ್ಟಿಯಾಗಿ, ನನ್ನ ಸೊಂಟದ ಬಾಗಿಗೆ ಹೊಂದಿಕೊಂಡಿತ್ತು. ಕೈ ಹೋದ ಮೇಲೂ ವಾರಕ್ಕೊಮ್ಮೆ ಅದಕ್ಕೆ ಪಾಲಿಶ್ ಹಾಕುತ್ತಿದ್ದೆ. ಯಾಕೆ ಎಂದು ಯಾರಾದರೂ ಕೇಳಿದ್ದರೆ ಬೂಷ್ಟು ಹಿಡಿಯುತ್ತದೆ ಎನ್ನುತ್ತಿದ್ದೆ. ನಿಜ ಬೇರೆಯಿತ್ತು. ಡಾಕ್ಟರು ಏನೇ ಹೇಳಲಿ, ಹೆಬ್ಬೆರಳು ಒಂದು ದಿನ ಮಡಚೀತು, ಆಗ ಇದು ಬೇಕಾಗುತ್ತದೆ ಎಂದು ನಾನು ನಂಬಿಕೊಂಡಿದ್ದೆ. ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಆ ಹೆಬ್ಬೆರಳನ್ನು ಬೈಯುತ್ತಿದ್ದೆ, ಬೇಡುತ್ತಿದ್ದೆ.

ಅದನ್ನು ಮೊಳೆಯಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತೆ. ಬಲಗೈಯ ಹೆಬ್ಬೆರಳಿನಿಂದ ಅದರ ಟಿಚ್ ಬಟನ್ ಬಿಚ್ಚಲು ನೋಡಿದೆ. ಬೆರಳು ಬಟನ್ನಿನ ಮೇಲೆ ಸುಮ್ಮನೆ ಒರಗಿಕೊಂಡಿತು. ಆಮೇಲೆ ಎರಡೂ ಹೋಲ್‌ಸ್ಟರುಗಳನ್ನು ಚೀಲಕ್ಕೆ ಹಾಕಿಕೊಂಡು ಚಾಮರಾಜನಗರದ ಬಸ್ಸು ಹತ್ತಿದೆ.

ಬೆಲ್ಟಿನವರು ಹಳೆಯದನ್ನು ಕೈಯಲ್ಲಿ ತಿರುಗಿಸಿ ನೋಡಿದರು. "ಒಳ್ಳೆ ಮಾಲು ಕಣ್ರವ್ವ. ಕುಯ್ದ್‌ಬುಡ್ಲಾ? ಆಮೇಲ್ ಅಂಟ್ಸಕ್ಕಾಗಕಿಲ್ಲ."

"ಕುಯ್ರಿ."

"ಇನ್ನೊಂದ್ ಕಿತ ಯೋಚ್ನೆ..."

"ಕುಯ್ರಿ ಅಂದ್ನಲ್ಲ!" ಎಂದು ಅವರ ಮೇಲೆ ರೇಗಿದೆ. ಕತ್ತಿ ಚರ್ಮಕ್ಕೆ ಇಳಿಯುವಾಗ ನೋಡಲಾರದೆ ರಸ್ತೆಯ ಕಡೆ ತಿರುಗಿದೆ. ಎರಡು ಬೆರಳಗಲದ ಪಟ್ಟಿ ತೆಗೆದು, ಹೊಸದರ ಬಾಯಿಯ ಸುತ್ತ ಇಟ್ಟು, ಜೋಡಿ ಹೊಲಿಗೆ ಹಾಕಿದರು. ಪಟ್ಟಿಯನ್ನು ಮಾತ್ರ ತೇವ ಮಾಡಿ, ಮೈದಾನದಲ್ಲಿ ಮೇಷ್ಟ್ರ ಕಣ್ಣೆದುರಿಗೆ ನಿಜವಾದ ಖಾಲಿ ಪಿಸ್ತೂಲಿಗೇ ಹಾಲಿನ ಕವರು ಸುತ್ತಿ ಒಳಗಿಟ್ಟು, ನೆರಳಲ್ಲಿ ಸಂಜೆಯವರೆಗೆ ಒಣಗಿಸಿದೆ. ತೆಗೆದಾಗ ಬಾಯಿ ನಿಂತಿತು. ಪಟ್ಟಿ ಹಳೆಯದು, ಕರಿಯದು, ಆದರೆ ಎಣ್ಣೆಗೆ ಹೊಸದರ ಮೈಯೂ ಕಪ್ಪಾಗಿತ್ತು. ಹಾಗಾಗಿ ತೇಪೆ ಯಾರಿಗೂ ಕಾಣಲಿಲ್ಲ.

ಪರೀಕ್ಷೆಯ ದಿನ ಬಿಸಿಲು ಮತ್ತೆ ಕೈ ಕೊಟ್ಟಿತು. ನನ್ನ ಸರದಿ ಬರುವವರೆಗೆ ಮೈದಾನದಲ್ಲಿ ನಿಂತಿದ್ದಕ್ಕೆ ಚರ್ಮ ಕಾದು, ರಾಗಿಹಿಟ್ಟು ಹೀರದೆ ಉಳಿಸಿದ್ದ ಎಣ್ಣೆ ಬೆವರಿನಂತೆ ಹೊರಬಂತು. ಮೊದಲ ಸಲ ಎಳೆದಾಗ ಪಿಸ್ತೂಲು ಬಂತು, ಆದರೆ ಅಂಗೈಯಲ್ಲಿ ಜಾರಿತು. ಗುರಿ ತಪ್ಪಿತು. ಹಿಂದೆ ಯಾರೋ "ಹರಳೆಣ್ಣೆ ವಾಸ್ನೆ ಅಲ್ವಾ ಇದು?" ಎಂದದ್ದು ಕೇಳಿಸಿತು. ಎಲ್ಲ ಮುಗಿಯಿತು ಎಂದುಕೊಂಡೆ. ಪಿಸ್ತೂಲನ್ನು ನೋಡದೆ ವಾಪಸು ಇಟ್ಟೆ, ಅದು ಸಲೀಸಾಗಿ ಒಳಗೆ ಹೋಯಿತು. ಬಾಯಿ ತೆರೆದೇ ಇತ್ತು. ಅಷ್ಟೇ ಸಾಕಾಯಿತು.

"ಸರ್, ಒಂದು ನಿಮಿಷ" ಎಂದು ಮೇಷ್ಟ್ರ ಅನುಮತಿ ಕೇಳಿ ಕುಕ್ಕರಗಾಲಲ್ಲಿ ಕೂತೆ. ನೆಲದ ಕೆಮ್ಮಣ್ಣನ್ನು ಹಿಡಿಯಷ್ಟು ತೆಗೆದು, ಕಬಡ್ಡಿ ಆಡುವವರಂತೆ ಎಡ ಅಂಗೈಗೆ ತಿಕ್ಕಿದೆ. ಗಾಯ ಉರಿಯಿತು. ಕೊಡವಿ ಎದ್ದು ನಿಂತೆ. ಈ ಸಲ ಹಿಡಿ ಕೈಗೆ ಕಚ್ಚಿತು. ಎಳೆದೆ, ಹೊಡೆದೆ, ಇಟ್ಟೆ. ಮತ್ತೆ ಎಳೆದೆ, ಹೊಡೆದೆ, ಇಟ್ಟೆ.

ಗುರಿಹಲಗೆ ನೋಡಿ ಬಂದ ಮೇಷ್ಟ್ರು, "ಅಂಥಾ ಚೆನ್ನಾಗೇನೂ ಇಲ್ಲ ಮೇಡಂ" ಎಂದರು. ನಾನು ಹೋಲ್‌ಸ್ಟರಿನ ಬಟನ್ ಹಾಕಿದೆ. "ಆದ್ರೆ ಪಾಸು. ಓಗಿ, ಮೊದ್ಲು ಆ ಕೈ ತೊಳ್ಕಳಿ."

ಸಂಜೆ ಮನೆಗೆ ಬಂದಾಗ ಅವ್ವ ವರಾಂಡದಲ್ಲೇ ಕೂತಿದ್ದಳು. ನನ್ನ ಮುಖ ನೋಡಿದವಳಿಗೆ ಹೇಳುವ ಅಗತ್ಯವಿರಲಿಲ್ಲ. ಪಕ್ಕದಲ್ಲಿ ಕೂತೆ. ಅವಳ ಮೇಲೆ ಕೂಗಾಡಿದ್ದಕ್ಕೆ ಏನಾದರೂ ಹೇಳಬೇಕೆಂದು ಬಾಯಿ ತೆರೆಯುವ ಮೊದಲೇ ಅವಳು ಶುರು ಮಾಡಿದಳು.

"ನಾನು ಬೆಟ್ಟದ್ ಮಾದಪ್ಪನ್ಗೆ ಅರಕೆ ಕಟ್ಕಂಡಿದ್ದೆ ಕಣಮ್ಮಿ. ನೀನು ಪಾಸಾಗ್ಬಾರ್ದು ಅಂತ."

ನಾನು ತಿರುಗಿ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ.

"ನಿನ್ ಕೈನ ಬಟ್ಟೇಲಿ ಸುತ್ತಿ ಆಸ್ಪತ್ರೇಲಿ ಮಲ್ಗಿಸಿದ್ದು ನಾನ್ ಕಂಡೀನಿ. ಇನ್ನೊಂದ್ ಕಿತ ಕಾಣಕ್ಕಾಗಕಿಲ್ಲ ಅಂತ ಬೇಡ್ಕಂಡೆ. ಆದ್ರೆ ಎಣ್ಣೆ ಅಚ್ಚಿದ್ದು ಅದ್ಕಲ್ಲ ಮೊಗ. ಇರೋ ಒಂದ್ ಕೈಲೂ ರಕ್ತ ಬತ್ತಿತ್ತಲ್ಲ, ಅದ್ಕೆ ಅಚ್ದೆ."

ನಾನು ಅವಳ ಎರಡೂ ಮಾತನ್ನು ನಂಬಿದೆ. ಇವತ್ತಿಗೂ ನಂಬುತ್ತೇನೆ.

ಠಾಣೆಗೆ ಮರಳುವ ಬೆಳಿಗ್ಗೆ ಅವ್ವ ಎಂದಿನಂತೆ ಅಂಗಿಯ ಗುಂಡಿ ಹಾಕಿ, ಜಡೆ ಹೆಣೆದಳು. ಆಮೇಲೆ ವರಾಂಡಕ್ಕೆ ಹೋಗಿ ಬೆಲ್ಟನ್ನು ತಾನೇ ಎತ್ತಿಕೊಂಡು ಬಂದಳು. ಅವಳ ಪೂಜೆ ಇನ್ನೂ ಆಗಿರಲಿಲ್ಲ. ಹೋಲ್‌ಸ್ಟರನ್ನು ಬೆಲ್ಟಿಗೆ ಪೋಣಿಸಿ ನನ್ನ ಎಡ ಸೊಂಟಕ್ಕೆ ಸರಿಯಾಗಿ ಕೂರಿಸಿ, ಟಿಚ್ ಬಟನ್ ಹಾಕಿ ನೋಡಿದಳು, ಬಿಚ್ಚಿ ನೋಡಿದಳು.

"ತಾನಾಗ್ ತಾನೇ ಬೀಳಕಿಲ್ವಲ್ಲ?"

"ಇಲ್ಲವ್ವ."

"ನಿಂಗ್ ಬೇಕಾದಾಗ ತಟಕ್ಕನೆ ಬತ್ತದಾ?"

"ಬರುತ್ತೆ."

ಇನ್ನೊಮ್ಮೆ ಬಟನ್ ಹಾಕಿದಳು. ಹರಳೆಣ್ಣೆ ತಾಕಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು.

"ಅಂಗಾದ್ರೆ ಓಗ್ಬುಟ್ಟು ಬಾ" ಎಂದಳು.